ನಾಲ್ಕನೆಯ ಸಲ

ಬೆಳಿಗ್ಗೆ ಆರೂಕಾಲಿಗೆ ಭಾನುವಿನ ಫೋನು ಟಿಣ್ ಎಂದಿತು. ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ, ಕತ್ತರಿಸಿಟ್ಟ ರವಿಕೆ ತೋಳುಗಳ ನಡುವೆ ಬಿದ್ದಿದ್ದ ಅದರ ಪರದೆಯಲ್ಲಿ ಹೆಸರು ಮೂಡಿತು: ಕೀರ್ತನ. ಕೆಳಗೆ, ಕ್ವಿಜ್ ಗ್ರೂಪಿಗೆ ಬಂದ ಒಂದು ವಾಯ್ಸ್ ಮೆಸೇಜು.

ಕೀರ್ತನ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಭಾನು ಕೂಗಲಿಲ್ಲ. ಪೆಡಲಿನ ಮೇಲಿದ್ದ ಕಾಲು ನಿಂತಿತು, ಅಷ್ಟೆ. ಒಳಗೆ ಅವಳ ಗಂಡ ಶಿವರಾಮು ಬದನಗುಪ್ಪೆಯ ಫ್ಯಾಕ್ಟರಿಗೆ ಹೊರಡುವ ಗಡಿಬಿಡಿಯಲ್ಲಿ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದ. "ಏನೇ, ಮಿಸನ್ ಸದ್ದೇ ನಿಂತೋಯ್ತು, ದಾರ ಕಿತ್ತೋಯ್ತ?" ಎಂದ. ಅವಳು ಬೆರಳು ಸೀರೆಗೆ ಒರೆಸಿಕೊಂಡು ಮೆಸೇಜನ್ನು ಒತ್ತಿದಳು.

ಮೊದಲು ಒಂದು ಕೋಳಿ ಕೂಗಿತು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. "ಆಂಟಿ, ನಾನು ಭವ್ಯ. ಅಪ್ಪ ಫೋನ್ ತಗಂಡು ಗಾರೆ ಕೆಲ್ಸಕ್ಕೆ ಮೈಸೂರ್ಗೋಗವ್ರೆ. ಪುಟ್ಟಮಲ್ಲಮ್ಮತ್ತೆ ಕೀರ್ತನಕ್ಕನ ಫೋನ್ ಕೊಟ್ಟವ್ರೆ, ರಜ ಮುಗಿಯಗಂಟ ಇದ್ರಲ್ಲೇ ಕಳ್ಸು ಅಂತ. ಒಂದನೇ ಅಧ್ಯಾಯ ಹೇಳ್ತೀನಿ ಕೇಳಿ."

ಇಷ್ಟೇ ವಿಷಯ. ಚಂದಕವಾಡಿಯಲ್ಲಿ ಭವ್ಯಳ ಮನೆ, ಕೀರ್ತನಳ ಮನೆ ಎರಡೂ ಒಂದೇ ಬೀದಿಯಲ್ಲಿದ್ದವು. ಪುಟ್ಟಮಲ್ಲಮ್ಮ ಸತ್ತ ಮಗಳ ಫೋನಿಗೆ ಇನ್ನೂ ರೀಚಾರ್ಜ್ ಮಾಡಿಸುತ್ತಿದ್ದಾಳೆಂಬುದು ಮಾತ್ರ ಭಾನುವಿಗೆ ಹೊಸದು. ಆ ಹೆಸರನ್ನು ತೆಗೆದು 'ಭವ್ಯ' ಎಂದು ಬರೆದುಕೊಂಡರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಭಾನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಾದರೆ ಆ ಹೆಸರನ್ನು ಒತ್ತಿ ಒಳಗೆ ಹೋಗಬೇಕು. ಒಳಗೆ ಕಳೆದ ವರ್ಷದ ಮೇ ತಿಂಗಳು ಹಾಗೇ ಕೂತಿತ್ತು.

ಚಾಮರಾಜನಗರದ ಪುಟ್ಟದೊಂದು ಕ್ರೈಸ್ತ ಸಭೆಯಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಕ್ವಿಜ್ ನಡೆಸುವ ಜವಾಬ್ದಾರಿ ಭಾನುವಿನ ಹೆಗಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಅವಳು ಓದಿದ್ದು ಎಸ್ಸೆಸ್ಸೆಲ್ಸಿ. ಮಕ್ಕಳಿಲ್ಲ. ಊರಿನ ಹೆಂಗಸರಿಗೆ ಅವಳು ಟೈಲರಮ್ಮ. ಸಭೆಯ ಮಕ್ಕಳಿಗೆ ಭಾನು ಆಂಟಿ. ಪ್ರತಿ ವರ್ಷ ಸತ್ಯವೇದದ ಒಂದು ಪುಸ್ತಕವನ್ನು ಗೊತ್ತುಮಾಡುತ್ತಾರೆ. ಮೂವರು ಮಕ್ಕಳ ತಂಡ ಅದರ ಅಧ್ಯಾಯಗಳನ್ನು ಬಾಯಿಪಾಠ ಮಾಡಬೇಕು, ಪ್ರಶ್ನೆಗೆ ಯಾರು ಮೊದಲು ಬೆಂಚಿನಿಂದ ಎದ್ದು ನಿಲ್ಲುತ್ತಾರೋ ಅವರೇ ಉತ್ತರ ಹೇಳಬೇಕು. ಸ್ಪರ್ಧೆ ಮೇ ಕೊನೆಗೆ, ಗುಂಡ್ಲುಪೇಟೆಯಲ್ಲಿ. ತೊಂದರೆ ಏನೆಂದರೆ ಅದಕ್ಕೆ ಮುಂಚಿನ ಎರಡು ತಿಂಗಳು ಪೂರ್ತಿ ಬೇಸಿಗೆ ರಜ. ಒಬ್ಬರು ಅಜ್ಜಿ ಮನೆಗೆ, ಒಬ್ಬರು ಮದುವೆಗೆ, ಉಳಿದವರು ಫೋನಿನ ಒಳಕ್ಕೆ. ಮಾರ್ಚಿನಲ್ಲಿ ಗಿಣಿಯ ಹಾಗೆ ಒಪ್ಪಿಸುವ ಮಕ್ಕಳು ಏಪ್ರಿಲ್ಲಿನಲ್ಲಿ ಸಮುವೇಲನ ತಾಯಿ ಯಾರೆಂದರೆ ಬಾಯಿ ಬಿಡುತ್ತಿದ್ದವು.

ಅದಕ್ಕೇ ಭಾನು ಒಂದು ನಿಯಮ ಮಾಡಿದ್ದಳು. ರಜದಲ್ಲಿ ಎಲ್ಲಿದ್ದರೂ ಸರಿ, ಬೆಳಿಗ್ಗೆ ಏಳರೊಳಗೆ ಅಂದಿನ ಪಾಠವನ್ನು ಹೇಳಿ ಗ್ರೂಪಿಗೆ ಕಳಿಸಬೇಕು. ಹೇಳಿದವರ ಹೆಸರಿನ ಮುಂದೆ ಸಭೆಯ ಗೋಡೆಯ ಚಾರ್ಟಿನಲ್ಲಿ ಒಂದು ಹೊಳೆಯುವ ನಕ್ಷತ್ರ. ತಪ್ಪಿದರೆ ನಾಲ್ಕು ಜನರ ಎದುರು ತಿದ್ದಬಾರದೆಂದು ಆ ಮಗುವಿಗೆ ಬೇರೆಯಾಗಿ ಒಂದು ಸಾಲು ಬರೆಯುತ್ತಿದ್ದಳು: ಇನ್ನೊಂದು ಸಲ ಹೇಳು. ಮತ್ತೆ ಹೇಳಿದ್ದೂ ಗ್ರೂಪಿಗಲ್ಲ, ಅವಳೊಬ್ಬಳಿಗೇ ಬರುತ್ತಿತ್ತು. ಅದೇ ಬೆಳಿಗ್ಗೆ ಸರಿಯಾಗಿ ಹೇಳಿದರೆ ನಕ್ಷತ್ರ ಉಂಟು, ಮಾರನೆಯ ದಿನಕ್ಕೆ ಇಲ್ಲ. ಆ ನಿಯಮಕ್ಕೆ ಮೂರು ವರ್ಷದಲ್ಲಿ ಎರಡು ಗೆಲುವಿನ ಕಪ್ಪು ಬಂದಿದ್ದವು.

ಕಳೆದ ವರ್ಷ ಮೇ ಹದಿನಾರನೇ ತಾರೀಖು ಕೀರ್ತನ ಆ ವರ್ಷದ ಪುಸ್ತಕವಾದ ಸಮುವೇಲನ ಮೂರನೇ ಅಧ್ಯಾಯವನ್ನು ಕಳಿಸಿದಳು. ಏಲಿಯೆಂಬ ಮುದಿ ಯಾಜಕನ ಜೊತೆ ದೇವಾಲಯದಲ್ಲಿ ಮಲಗುತ್ತಿದ್ದ ಬಾಲಕ ಸಮುವೇಲನನ್ನು ರಾತ್ರಿ ಯಾರೋ ಹೆಸರು ಹಿಡಿದು ಕರೆಯುವ ಅಧ್ಯಾಯ ಅದು. ಏಳನೇ ವಚನದಲ್ಲಿ ಹುಡುಗಿ 'ಇನ್ನೂ' ಎಂಬ ಒಂದೇ ಒಂದು ಪದವನ್ನು ಬಿಟ್ಟಿದ್ದಳು. ಧ್ವನಿ ಭಾರವಾಗಿತ್ತು, ಉಸಿರು ಎರಡು ಕಡೆ ಸಿಕ್ಕಿಕೊಂಡಿತ್ತು. ಇನ್ನೊಂದು ಸಲ ಹೇಳು, ಎಂದು ಭಾನು ಬರೆದಳು. ಮತ್ತೆ ಬಂತು, ಮತ್ತೆ ಅದೇ ಪದ ಇಲ್ಲ. ಇನ್ನೊಂದು ಸಲ. ಮೂರನೆಯದೂ ಹಾಗೇ. ಇನ್ನೊಂದು ಸಲ. ಅಷ್ಟರಲ್ಲಿ ಮದುವೆ ರವಿಕೆಯವರು ಬಾಗಿಲಿಗೆ ಬಂದರು, ಭಾನು ಫೋನನ್ನು ಮಗುಚಿಟ್ಟಳು. ನಾಲ್ಕನೆಯದು ಬಂದ ಸದ್ದನ್ನು ಕೇಳಿದಳು, ತೆರೆಯಲಿಲ್ಲ. ಸಂಜೆ ಹೊತ್ತಿಗೆ ಸುದ್ದಿ ಬಂತು: ಡೆಂಗಿ ಜ್ವರ, ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದಾರೆ. ಮೂರನೆಯ ದಿನ ಬಿಳಿ ಬಟ್ಟೆ ಹೊದಿಸಿ ಕರೆತಂದರು. ಹದಿನಾರು ವರ್ಷ.

ಆ ಮೇ ತಿಂಗಳು ಗುಂಡ್ಲುಪೇಟೆ ಸಭೆಯ ಚಾವಣಿ ರಿಪೇರಿಗೆ ಬಂದು ಸ್ಪರ್ಧೆಯೇ ನಿಂತುಹೋಯಿತು. ಅದೇ ಪುಸ್ತಕ ಈ ವರ್ಷಕ್ಕೂ ಮುಂದುವರಿಯಿತು.

ನಾಲ್ಕನೆಯ ಮೆಸೇಜನ್ನು ಭಾನು ಅಂದಿನಿಂದ ಇಂದಿನವರೆಗೆ ಕೇಳಿರಲಿಲ್ಲ.

*

ಈ ವರ್ಷದ ತಂಡದಲ್ಲಿ ಭವ್ಯಳ ಜೊತೆ ಸುನೀಲ್ ಕುಮಾರ್ ಮತ್ತು ಚೈತ್ರ ಇದ್ದರು. ಸುನೀಲ್ ರಜಕ್ಕೆ ಕುದೇರಿನ ಅಜ್ಜಿ ಮನೆ ಸೇರಿದವನು ಭಾನುವಾರ ಆರಾಧನೆಗೆ ಬಂದಾಗ ಮಾತ್ರ ಕೈಗೆ ಸಿಗುತ್ತಿದ್ದ. ಚೈತ್ರ ಊರಲ್ಲೇ ಇದ್ದಳು, ಆದರೆ ಹನ್ನೊಂದಕ್ಕೆ ಏಳುತ್ತಿದ್ದಳು.

"ನಕ್ಷತ್ರ ಅಂಟುಸ್ಕಳಕೆ ನಾವೇನು ಯುಕೆಜಿನ ಆಂಟಿ?" ಎಂದಳು ಚೈತ್ರ ಮೊದಲ ಭಾನುವಾರ, ಚಾರ್ಟಿನ ಖಾಲಿ ಮನೆಗಳನ್ನು ನೋಡುತ್ತ.

"ಮತ್ತೇನು ಬೇಕು ನಿಂಗೆ?"

"ಬಿರಿಯಾನಿ," ಎಂದ ಸುನೀಲ್. "ಅಧ್ಯಾಯಕ್ಕೊಂದು ಪ್ಲೇಟು. ಇಲ್ದಿದ್ರೆ ಏಲಿ ಸತ್ತೋದ ಅಂತ ಎರಡನೇ ಅಧ್ಯಾಯದಲ್ಲೇ ಮುಗಿಸ್ಬುಡ್ತೀನಿ."

"ಏಲಿ ಸಾಯದು ನಾಲ್ಕನೇ ಅಧ್ಯಾಯದಲ್ಲಿ ಕಣ್ಲಾ, ಪೆದ್ದ!" ಎಂದು ಭವ್ಯ ನಕ್ಕಳು. ಅವಳು ಎಲ್ಲವನ್ನೂ ಓಡೋಡಿ ಹೇಳುವವಳು. ಕೋಳಿ ಕಾಳು ಕುಕ್ಕುವ ಹಾಗೆ ಪದಗಳನ್ನು ಕುಕ್ಕಿ ಮುಗಿಸುವವಳು. ಉಸಿರು ಬೇಕಾದ ಕಡೆ ನಿಲ್ಲು ಎಂದು ಭಾನು ಎರಡು ವರ್ಷದಿಂದ ಹೇಳಿ ಸೋತಿದ್ದಳು.

ಹಿಂದಿನ ಬೆಂಚಿನಲ್ಲಿ, ಬಾಗಿಲ ಪಕ್ಕ, ಪುಟ್ಟಮಲ್ಲಮ್ಮ ಕೂತಿದ್ದಳು. ಸುಗ್ಗಿಯಾದ ಮೇಲೆ ಶುರುವಾದ ಅಭ್ಯಾಸ ಇದು. ಆರಾಧನೆ ಮುಗಿದು ಎಲ್ಲರೂ ಹೋದರೂ ಅವಳು ಕ್ವಿಜ್ ತರಗತಿಗೆ ಉಳಿಯುತ್ತಿದ್ದಳು. ಓದು ಬರಹ ಬಾರದ ಹೆಂಗಸು, ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಯಾರ ಜೊತೆಯೂ ಮಾತಿಲ್ಲ. ಮಕ್ಕಳು ಒಪ್ಪಿಸುವಾಗ ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ಭಾನು ಅತ್ತ ತಿರುಗದೆ ಪಾಠ ಮಾಡುವುದನ್ನು ಕಲಿತಿದ್ದಳು. ಬೆನ್ನಿಗೆ ಬಿಸಿಲು ಬಿದ್ದರೆ ಗೊತ್ತಾಗುವುದಿಲ್ಲವೆ, ಹಾಗೆ ಆ ನೋಟ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಮಾತ್ರ ಅವಳು ಬಾಯಿ ಬಿಟ್ಟಳು. ಹನ್ನ ಎಂಬ ತಾಯಿ ದೇವಾಲಯಕ್ಕೆ ಕೊಟ್ಟುಬಿಟ್ಟ ಮಗನಿಗಾಗಿ ವರ್ಷ ವರ್ಷವೂ ಪುಟ್ಟ ಅಂಗಿ ಹೊಲಿದು ತರುವ ಭಾಗವನ್ನು ಮಕ್ಕಳು ಹೇಳಿ ಮುಗಿಸಿದ್ದರು.

"ಭಾನಕ್ಕ, ಮಗ ಕಣ್ಮುಂದೆ ಇರ್ಲಿಲ್ವಲ್ಲ, ಅವ್ಳಿಗೆ ಅಳತೆ ಎಂಗ್ ಗೊತ್ತಾಯ್ತಿತ್ತು?"

ಸುನೀಲ್ ನಗಲು ಹೋಗಿ ಭಾನುವಿನ ಮುಖ ನೋಡಿ ಪುಸ್ತಕಕ್ಕೆ ತಲೆ ಬಗ್ಗಿಸಿದ.

"ಅಂದಾಜು ಪುಟ್ಟಮಲ್ಲಮ್ಮ," ಎಂದಳು ಭಾನು. "ಹೋದ ವರ್ಷದ್ದಕ್ಕೆ ಒಂದಿಂಚು ಸೇರಿಸಿ ಹೊಲಿತಿದ್ಲೇನೋ."

ಭಾನುವಿನ ಹೊಲಿಗೆಯ ಗಂಟಿನ ತಳದಲ್ಲಿ ಆಕಾಶ ಬಣ್ಣದ ಬಟ್ಟೆಯ ಆರು ತುಂಡುಗಳು ಸುರುಳಿ ಸುತ್ತಿ ಬಿದ್ದಿದ್ದವು. ಕಳೆದ ವರ್ಷದ ತಂಡಕ್ಕೆಂದು ಕತ್ತರಿಸಿದ ಕೀರ್ತನಳ ಕುರ್ತಾ. ಹೊಲಿಯಲಿಲ್ಲ, ಬಿಸಾಡಲಿಲ್ಲ.

*

ಭವ್ಯ ಬದಲಾಗತೊಡಗಿದ್ದು ಯಾವ ದಿನದಿಂದ ಎಂದು ಭಾನುವಿಗೆ ಹೇಳಲು ಬರುವುದಿಲ್ಲ. ಬೆಳಿಗ್ಗೆ ಮಿಷನ್ ತುಳಿಯುತ್ತ ಮೆಸೇಜು ಹಾಕಿಕೊಂಡು ಕೇಳುವುದು ಅವಳ ರೂಢಿ. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಹೊಲಿಗೆ ಡೊಂಕಾಯಿತು. ಕುಕ್ಕುತ್ತಿದ್ದ ಕೋಳಿ ನಿಂತುಬಿಟ್ಟಿತ್ತು. ಹುಡುಗಿ ನಿಧಾನವಾಗಿ ಹೇಳುತ್ತಿದ್ದಳು. ಸಾಲಿನ ಕೊನೆಗಲ್ಲ, ಕೊನೆಯ ಪದಕ್ಕೆ ಒಂದು ಪದ ಮುಂಚೆ, ಬಾಗಿಲು ದಾಟುವ ಮೊದಲು ಸೆರಗು ಎತ್ತಿಕೊಳ್ಳುವವರಂತೆ, ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಉಸಿರು ಭಾನುವಿಗೆ ಗೊತ್ತಿತ್ತು. ಅದು ಕೀರ್ತನಳದು. ಅವಳೊಬ್ಬಳದೇ.

ಪರದೆ ನೋಡಿದಳು. ಕೀರ್ತನ, ಎಂದೇ ಬರೆದಿತ್ತು.

"ಭವ್ಯ ಚೆನ್ನಾಗಿ ಹೇಳ್ತಾವ್ಳೆ ಅಲ್ವ?" ಎಂದ ಶಿವರಾಮು, ಕಾಫಿ ಲೋಟ ಹಿಡಿದು. "ಆ ಸತ್ತ ಮಗು ಹೇಳ್ದಂಗೇ ಅದೆ."

"ಸುಮ್ನಿರಿ," ಎಂದಳು ಭಾನು. ಅವನು ಕೇಳಿಸಿಕೊಂಡಿದ್ದಾನೆಂಬುದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ತನಗೊಬ್ಬಳಿಗೇ ಕೇಳುತ್ತಿದ್ದರೆ ತಲೆ ಕೆಟ್ಟಿದೆ ಎಂದುಕೊಳ್ಳಬಹುದಿತ್ತು.

ತಪ್ಪು ಮಾಡಿದವರಿಗೆ ಈ ವರ್ಷ ಅವಳು ಬೇರೆಯಾಗಿ ಬರೆಯುತ್ತಿರಲಿಲ್ಲ. ಭಾನುವಾರ ಎದುರಿಗೆ ಕೂರಿಸಿ ತಿದ್ದುತ್ತಿದ್ದಳು. ಅದರ ಫಲ ಮೇ ಮೊದಲ ವಾರದಲ್ಲಿ ಕಂಡಿತು. ಚೈತ್ರಳ ಮೆಸೇಜು ಮಧ್ಯಾಹ್ನಕ್ಕೆ ಜಾರಿತು. ಸುನೀಲ್ ಮೂರು ದಿನ ಕಳಿಸಲೇ ಇಲ್ಲ. ಕೇಳಿದರೆ ನೆಟ್‌ವರ್ಕ್ ಇಲ್ಲ ಎಂದ, ಅದೇ ಗಳಿಗೆಯಲ್ಲಿ ಈಜುವ ವಿಡಿಯೋ ಹಾಕಿದ. ಪಾಸ್ಟರು ಚಾರ್ಟಿನ ಮುಂದೆ ನಿಂತು, "ಭಾನಮ್ಮ, ಈ ವರ್ಷ ಕೈ ಸಡಿಲ ಬಿಟ್ಟಿದ್ದೀರಿ. ಮಕ್ಕಳಿಗೆ ಒಂದು ಬಿಗಿ ಬೇಕು. ಮೊದಲಿನ ಹಾಗೇ ಮಾಡಿ," ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಅವಳು ಮೊದಲಿನ ಹಾಗೇ ಮಾಡಿದಳು. ಗ್ರೂಪಿನಲ್ಲಿ ನಿಯಮವನ್ನು ಮತ್ತೆ ಬರೆದಳು. ಚೈತ್ರಳಿಗೆ ಒಂದು ಸಲ, ಸುನೀಲನಿಗೆ ಎರಡು ಸಲ, ಇನ್ನೊಂದು ಸಲ ಹೇಳು ಎಂದು ಕಳಿಸಿದಳು. ಆಶ್ಚರ್ಯವೆಂದರೆ ಮಕ್ಕಳು ಎದ್ದು ಕೂತವು. ಚಾರ್ಟು ತುಂಬತೊಡಗಿತು. "ಆಂಟಿ ಫಾರ್ಮ್‌ಗೆ ಬಂದ್ರು ಕಣ್ರೋ" ಎಂದು ಸುನೀಲ್ ಬರೆದ. ಭವ್ಯ ಮಾತ್ರ ತಪ್ಪು ಮಾಡುತ್ತಲೇ ಇರಲಿಲ್ಲ. ಆ ಹೆಸರಿನ ಒಳಕ್ಕೆ ಹೋಗುವ ಪ್ರಸಂಗವನ್ನು ಹುಡುಗಿ ತಾನಾಗಿಯೇ ತಪ್ಪಿಸುತ್ತಿದ್ದಾಳೇನೋ ಎಂದು ಭಾನುವಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಮೇ ಹದಿನಾರರ ಬೆಳಿಗ್ಗೆ ಮೂರನೇ ಅಧ್ಯಾಯ ಬಂತು.

ತಾರೀಖು ಅವಳಿಗೆ ನೆನಪಿತ್ತು. ಪಾಠದ ಪಟ್ಟಿಯನ್ನು ಹಾಕುವಾಗ ಆ ದಿನಕ್ಕೆ ಆ ಅಧ್ಯಾಯ ಬೀಳುತ್ತದೆಂದು ಮಾತ್ರ ಹೊಳೆದಿರಲಿಲ್ಲ. ಮಿಷನ್ ತುಳಿಯದೆ ಕೂತು ಕೇಳಿದಳು. ಸಮುವೇಲ ಒಂದು ಸಲ ಓಡಿದ, ಎರಡನೇ ಸಲ ಓಡಿದ. ಏಳನೇ ವಚನ ಬಂತು. ಆ ಹುಡುಗನಿಗೆ ದೇವರ ಪರಿಚಯ ಇನ್ನೂ ಆಗಿರಲಿಲ್ಲ ಎಂಬ ಮಾತು. ಕೊನೆಯ ಪದಕ್ಕೆ ಮುಂಚೆ ಆ ಸಣ್ಣ ಉಸಿರು. 'ಇನ್ನೂ' ಇರಲಿಲ್ಲ.

ಅದೇ ಪದ. ಅದೇ ಜಾಗ.

ಭಾನುವಿನ ಹೆಬ್ಬೆರಳು, ಅವಳನ್ನು ಕೇಳದೆ, ರೂಢಿಬಲದಿಂದ ಆ ಹೆಸರನ್ನು ಒತ್ತಿತು. ಪರದೆ ತೆರೆದುಕೊಂಡಿತು. ಒಂದು ವರ್ಷದಿಂದ ಯಾರೂ ಗುಡಿಸದ ಕೋಣೆಯ ಹಾಗೆ ಎಲ್ಲವೂ ಇಟ್ಟಲ್ಲೇ ಇತ್ತು. ಇನ್ನೊಂದು ಸಲ ಹೇಳು. ಕೀರ್ತನಳ ಎರಡನೆಯ ಮೆಸೇಜು. ಇನ್ನೊಂದು ಸಲ. ಮೂರನೆಯದು. ಇನ್ನೊಂದು ಸಲ. ಕೊನೆಗೆ ನಾಲ್ಕನೆಯದು, ಕೇಳದ್ದು. ಅದರ ಕೆಳಗೆ ಬರೆಯುವ ಜಾಗ ಖಾಲಿಯಿತ್ತು, ಅಲ್ಲೊಂದು ಗೀಟು ಮಿಣುಕುತ್ತಿತ್ತು. ಅವಳ ಬೆರಳು ಆಗಲೇ 'ಇ' ಎಂದು ಒತ್ತಿತ್ತು.

ಭಾನು ಫೋನನ್ನು ಬೆಂಕಿ ಮುಟ್ಟಿದವಳಂತೆ ಕೈಬಿಟ್ಟಳು. ಆಮೇಲೆ ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಚಂದಕವಾಡಿಯ ಬಸ್ಸು ಹತ್ತಿದಳು.

*

ಪುಟ್ಟಮಲ್ಲಮ್ಮ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣು ಕುಟ್ಟುತ್ತಿದ್ದಳು. ಭವ್ಯ ಎದುರು ಕೂತು ಬೀಜ ಬಿಡಿಸುತ್ತಿದ್ದಳು. ಇಬ್ಬರ ನಡುವೆ, ನೆಲದ ಮೇಲೆ, ಮೂಲೆ ಸೀಳಿದ ಆ ಫೋನು.

"ಬನ್ನಿ ಅಕ್ಕ. ಇವತ್ತು ಬತ್ತೀರ ಅಂತ ಅನ್ಕಂಡಿದ್ದೆ," ಎಂದಳು ಪುಟ್ಟಮಲ್ಲಮ್ಮ, ಕುಟ್ಟುವುದನ್ನು ನಿಲ್ಲಿಸದೆ.

"ಆಂಟಿ, ತಪ್ಪಾಗೋಯ್ತ? ಮತ್ತೆ ಹೇಳ್ಲ?" ಭವ್ಯ ಗಾಬರಿಯಿಂದ ಎದ್ದು ನಿಂತಳು.

"ಬೇಡ. ಬೇಡ ಕಣಮ್ಮಿ, ಕೂತ್ಕೋ." ಭಾನು ಜಗಲಿಯ ಅಂಚಿಗೆ ಕುಕ್ಕರಿಸಿದಳು. "ಆ ಏಳನೇ ವಚನ ಹಂಗೆ ಹೇಳಕ್ಕೆ ಯಾರು ಕಲಿಸಿದ್ರು ನಿಂಗೆ?"

"ಕೀರ್ತನಕ್ಕ ಹಂಗೇ ಹೇಳೋದು ಆಂಟಿ. ಈ ಫೋನಲ್ಲಿ ಅವ್ಳು ಹೇಳಿರದೆಲ್ಲ ಅದೆ. ಸಾಯಂಕಾಲ ಅತ್ತೆ ಹಾಕು ಅಂತಾರೆ, ಇಬ್ರೂ ಕೇಳ್ತೀವಿ. ಕೇಳಿ ಕೇಳಿ ನಂಗೂ ಹಂಗೇ ಬಂದ್ಬುಡ್ತು. ಪುಸ್ತಕಕ್ಕಿಂತ ಬೇಗ ಬರ್ತದೆ."

ಇದೂ ಇಷ್ಟೇ ವಿಷಯವಾಗಿತ್ತು. ಆದರೆ ಗೊತ್ತಾದ ಮೇಲೆ ಕಡಿಮೆಯಾಗುವ ಜಾತಿಯ ಭಯವಲ್ಲ ಇದು. ಭಾನು ಸುಣ್ಣ ಬಿಟ್ಟ ಗೋಡೆಯನ್ನು ನೋಡುತ್ತ, ವರ್ಷದಿಂದ ನಾಲಿಗೆಯ ಕೆಳಗಿದ್ದದ್ದನ್ನು ತೆಗೆದಳು.

"ಪುಟ್ಟಮಲ್ಲಮ್ಮ, ಆವತ್ತು ನಾನು ಅವಳ ಕೈಲಿ ಮತ್ತೆ ಮತ್ತೆ ಹೇಳಿಸಿದೆ. ಒಂದು ಪದಕ್ಕೆ. ಜ್ವರ ಐತೆ ಅಂತ ಧ್ವನಿಲೇ ಗೊತ್ತಾಗ್ತಿತ್ತು. ಗೊತ್ತಾಗಿದ್ದೂ ಬರೆದೆ."

ಕುಟ್ಟುವ ಸದ್ದು ನಿಂತಿತು.

"ನಂಗ್ ಗೊತ್ತಿಲ್ವ ಅಕ್ಕ?" ಪುಟ್ಟಮಲ್ಲಮ್ಮನ ದನಿ ಏರಲಿಲ್ಲ. "ಕೈ ನಡುಗ್ತಿತ್ತು ಅವ್ಳಿಗೆ. ಫೋನ್ ಹಿಡ್ಕಂಡಿದ್ದು ನಾನೇ. ಏಳೂವರೆ ಬಸ್ಗೆ ಆಸ್ಪತ್ರೆಗೋಗಬೇಕು ಅಂತ ಸೀರೆ ಉಟ್ಟು ನಿಂತಿದ್ದೆ. ಒಂದ್ನಿಮ್ಸ ಕಣವ್ವ ಅಂದ್ಲು. ನಾನು ಬಾಯ್ ಮುಚ್ಕಂಡು ಹಿಡ್ಕಂಡೆ. ನಕ್ಷತ್ರ ಬತ್ತದೆ ಮಗಿಗೆ ಅಂತ. ಬಸ್ ಓಯ್ತು. ಇನ್ನೊಂದು ಬಸ್ಗೆ ಓಗನ ಬುಡು ಅಂದೆ. ಮದ್ಯಾನ ಆಯ್ತು."

ಭವ್ಯ ಹುಣಸೆಬೀಜವನ್ನು ಮುಷ್ಟಿಯಲ್ಲಿ ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

"ಆರ್ ತಿಂಗ್ಳು ಬೈಯ್ದೆ ನಿಮ್ಮುನ್ನ. ಆ ಟೈಲರಮ್ಮನ ಕೈ ಸೇದೋಗ, ಮಿಸನ್ ಮುರ್ದೋಗ ಅಂತ ಒಲೆ ಮುಂದೆ ಕೂತ್ಕಂಡು ಬೈಯ್ದೆ. ಬೈದು ಬೈದು ಬಾಯ್ ನೋಯ್ತೇ ಹೊರ್ತು ಅವ್ಳ ಸದ್ದು ಎಲ್ಲೂ ಕೇಳ್ನಿಲ್ಲ. ಆಮ್ಯಾಕೆ ನಿಮ್ಮ ಕಿಲಾಸಿಗೆ ಬಂದು ಕೂತೆ. ಅಲ್ಲಿ ಅವ್ಳು ಹೇಳ್ತಿದ್ ಮಾತು ಇರ್ತಿತ್ತಲ್ಲ, ಬೇರೆಯೋರ ಬಾಯಲ್ಲಾದ್ರೂ."

ಭಾನುವಿಗೆ ಕ್ಷಮಿಸು ಎಂಬ ಮಾತು ಆ ಜಗಲಿಯ ಮೇಲೆ ಇಡಲು ತೀರಾ ಚಿಕ್ಕದಾಗಿ ಕಂಡಿತು.

"ಕೊನೇದ ನೀವು ಕೇಳೇ ಇಲ್ಲ ಅಲ್ವ?" ಎಂದಳು ಪುಟ್ಟಮಲ್ಲಮ್ಮ. "ಭವ್ಯ ತೋರ್ಸುದ್ಲು. ಕೇಳುದ್ರೆ ಮೈಕಿನ ಗುರ್ತು ನೀಲಿ ಆಯ್ತದಂತಲ್ಲ. ಮಿಕ್ಕವೆಲ್ಲ ನೀಲಿ, ಅದೊಂದು ಆಗಿಲ್ಲ."

"ಧೈರ್ಯ ಬರಲಿಲ್ಲ."

"ನಾನೂ ಅದ ಹಾಕಿಸಿಲ್ಲ. ಯಾರ್ಗೆ ಅಂತ ಹೇಳುದ್ಲೋ ಅವ್ರೇ ಮೊದ್ಲು ಕೇಳ್ಲಿ, ಆಮ್ಯಾಕೆ ನಾನು ಅಂತ ಇಟ್ಟಿವ್ನಿ." ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹಾಕಿ ಅಕ್ಕ. ನಿಮ್ ಫೋನಲ್ಲಿ."

ಭಾನು ಹಾಕಿದಳು.

ಮೊದಲು ಬಳೆಯ ಸದ್ದು. ಫೋನು ಹಿಡಿದವಳ ಬಳೆ. ಕೀರ್ತನ ಶುರುಮಾಡಿದಳು. ಧ್ವನಿ ಒಣಗಿತ್ತು. ಮೂರು ಹೆಂಗಸರು, ಅವರಲ್ಲೊಬ್ಬಳು ಇನ್ನೂ ಹುಡುಗಿ, ತಲೆ ತಗ್ಗಿಸಿ ಕೇಳಿದರು. ದೂರದಲ್ಲಿ ಬಸ್ಸಿನ ಹಾರನ್ನು. "ಬಸ್ ಬಂತು ಕಣಮ್ಮಿ, ಏಳು," ಎಂದು ಪುಟ್ಟಮಲ್ಲಮ್ಮನ ಕಳೆದ ವರ್ಷದ ಪಿಸುಮಾತು. "ಒಂದ್ನಿಮ್ಸ ಕಣವ್ವ. ಆಂಟಿ ಕಾಯ್ತವ್ರೆ." ಮತ್ತೆ ಪಾಠ. ಏಳನೇ ವಚನ. ಸಣ್ಣ ಉಸಿರು. ಹುಡುಗಿ 'ಇನ್ನೂ' ಎಂದಳು. ಒತ್ತಿ, ಎಳೆದು, ಮರದಲ್ಲಿ ಸಿಕ್ಕಿಕೊಂಡಿದ್ದ ಗಾಳಿಪಟವನ್ನು ಬಿಡಿಸಿಕೊಂಡವಳ ಹಾಗೆ ಹೇಳಿದಳು. ಹೇಳಿ ತಾನೇ ನಕ್ಕುಬಿಟ್ಟಳು. "ಬಂತು ಆಂಟಿ! ಬಂತು!" ಆ ನಗೆಯ ಹಿಂದೆ ಬಸ್ಸು ಗೇರು ಬದಲಿಸಿ ಹೊರಟುಹೋದ ಸದ್ದು, ತಗ್ಗುತ್ತ, ತಗ್ಗುತ್ತ.

ನೆಲದ ಮೇಲಿದ್ದ ಫೋನನ್ನು ಭವ್ಯ ಕೈಗೆತ್ತಿಕೊಂಡು ನೋಡಿ ಮೆಲ್ಲಗೆ ಹೇಳಿದಳು: "ನೀಲಿ ಆಯ್ತು ಅತ್ತೆ."

*

ಆ ವಾರ ಭಾನು ಎರಡು ಕೆಲಸ ಮಾಡಿದಳು. ಗಂಟಿನ ತಳದಿಂದ ಆ ಆರು ತುಂಡುಗಳನ್ನು ತೆಗೆದು, ಕಳೆದ ವರ್ಷದ ಅಳತೆಗೇ, ಒಂದಿಂಚೂ ಸೇರಿಸದೆ ಹೊಲಿದು, ಮಡಚಿ ಪುಟ್ಟಮಲ್ಲಮ್ಮನಿಗೆ ಕೊಟ್ಟಳು. ಭವ್ಯಳನ್ನು ಕರೆದು ಅವಳ ಕುರ್ತಾಗೆ ಹೊಸದಾಗಿ ಅಳತೆ ತೆಗೆದಳು. ಭವ್ಯಳ ಭುಜ ಅರ್ಧ ಇಂಚು ಅಗಲ, ತೋಳು ಗಿಡ್ಡ. ಟೇಪು ಹಿಡಿದಿದ್ದಾಗ ಹುಡುಗಿ ಕಚಗುಳಿಯಾಗಿ ಕುಣಿದಳು. ಕೀರ್ತನ ಕಂಬದ ಹಾಗೆ ನಿಲ್ಲುತ್ತಿದ್ದಳು.

ಚಾರ್ಟನ್ನು ಅವಳು ಕಿತ್ತು ಹಾಕಲಿಲ್ಲ. ಮಕ್ಕಳಿಗೆ ಈಗ ಅದರ ರುಚಿ ಹತ್ತಿತ್ತು. ಆದರೆ ಇನ್ನೊಂದು ಸಲ ಹೇಳು ಎಂದು ಬರೆಯುವುದನ್ನು ನಿಲ್ಲಿಸಿದಳು. ಬದಲಿಗೆ ತಾನೇ ಆ ವಚನವನ್ನು ಹೇಳಿ ಗ್ರೂಪಿಗೆ ಕಳಿಸತೊಡಗಿದಳು. "ಆಂಟಿ, ನೀವು ನಾಲ್ಕನೇ ವಚನ ನುಂಗಿದ್ರಿ, ನಿಮ್ಗೆ ನಕ್ಷತ್ರ ಇಲ್ಲ" ಎಂದು ಸುನೀಲ್ ಬರೆದ. ಅವಳ ತಪ್ಪು ಹಿಡಿಯುವ ಆಸೆಗೆ ಚೈತ್ರ ಆರು ಗಂಟೆಗೇ ಏಳತೊಡಗಿದಳು.

ಮೇ ಕೊನೆಯ ಶನಿವಾರ ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಹೋದರು. ಪುಟ್ಟಮಲ್ಲಮ್ಮನೂ ಬಂದಳು. ಹೊಸ ಚಾವಣಿಯ ಸಭಾಂಗಣ ಬಣ್ಣದ ವಾಸನೆ ಹೊಡೆಯುತ್ತಿತ್ತು. ಎದುರು ಗುಂಡ್ಲುಪೇಟೆ ತಂಡದ ಹುಡುಗಿಯರು ತಮ್ಮಲ್ಲಿ ಮಲಯಾಳ, ವೇದಿಕೆಯಲ್ಲಿ ಅಚ್ಚುಕಟ್ಟಾದ ಕನ್ನಡ. ಪ್ರಶ್ನೆ ಕೇಳುವವರು ಕೆಂಪಯ್ಯ ಎಂಬ ನಿವೃತ್ತ ಮೇಷ್ಟರು. ಕೈಯಲ್ಲೊಂದು ಹಿತ್ತಾಳೆ ಗಂಟೆ.

"ಸಮುವೇಲನಿಗೆ ಒಟ್ಟು ಎಷ್ಟು ಸಲ..." ಎನ್ನುವಷ್ಟರಲ್ಲಿ ಎದುರಿನವಳು ಎದ್ದು ಮೂರು ಎಂದಳು. ತಪ್ಪೆಂದು ಗಂಟೆ ಬಡಿಯಿತು. ಭವ್ಯ ಎದ್ದಳು. "ಕರೆ ಬಂದದ್ದು ನಾಲ್ಕು ಸಲ ಸರ್. ಮೂರು ಸಲ ಏಲಿ ಕರೆದ್ನೇನೋ ಅಂತ ಅವ್ನತ್ರ ಓಡೋದ. ನಾಲ್ಕನೇ ಸಲ ನಿಂತ್ಕೊಂಡು ಕೇಳಿಸ್ಕೊಂಡ."

ಬಾಯಿಪಾಠದ ಸುತ್ತು ಕೊನೆಗೆ. ಎರಡೂ ತಂಡ ಸಮ. ಇಲ್ಲಿ ಒಂದು ಪದ್ಧತಿ ಉಂಟು: ಮಗು ತಪ್ಪಿದರೆ ಗಂಟೆ ಬಡಿಯುತ್ತಾರೆ, ಕಲಿಸಿದವರು ಕೈ ಎತ್ತಿ ಕೋರಿದರೆ ಒಂದೇ ಒಂದು ಸಲ ಮತ್ತೆ ಹೇಳಲು ಬಿಡುತ್ತಾರೆ. ಭವ್ಯಳಿಗೆ ಬಂದ ಚೀಟಿಯಲ್ಲಿ ಮೂರನೇ ಅಧ್ಯಾಯವೇ ಇತ್ತು. ಅವಳು ಶುರುಮಾಡಿದಳು, ಆ ನಿಧಾನ ಧ್ವನಿಯಲ್ಲಿ, ಆ ಉಸಿರಿನೊಂದಿಗೆ. ಎರಡು ವಾರ ಸರಿಯಾಗಿ ಹೇಳಿದ್ದ ಹುಡುಗಿ ಏಳನೇ ವಚನದಲ್ಲಿ, ಜನದ ಮುಂದೆ, ಹಳೆಯ ಹಳ್ಳಕ್ಕೆ ಮತ್ತೆ ಜಾರಿದಳು.

ಗಂಟೆ ಬಡಿಯಿತು.

"ಆಂಟಿ, ಕೈ ಎತ್ತಿ!" ಸುನೀಲ್ ಬೆಂಚಿನಿಂದ ಪಿಸುಗುಟ್ಟಿದ. ಭವ್ಯ ತಿರುಗಿ ನೋಡುತ್ತಿದ್ದಳು. ಭಾನುವಿನ ಕೈಗಳು ಮಡಿಲಲ್ಲಿ ಕಲ್ಲಾಗಿದ್ದವು. ಕೈ ಎತ್ತುವುದೆಂದರೆ ಆ ಸಾಲನ್ನೇ ಮತ್ತೆ ಬರೆದ ಹಾಗೆ. ಕೆಂಪಯ್ಯ ಮೇಷ್ಟರು ಗಡಿಯಾರ ನೋಡಿದರು. ಭಾನು ಕುತ್ತಿಗೆ ತಿರುಗಿಸಿ ಹಿಂದಿನ ಬೆಂಚನ್ನು ನೋಡಿದಳು. ಇಷ್ಟು ದಿನದಲ್ಲಿ ಅವಳಾಗಿ ಅತ್ತ ತಿರುಗಿದ್ದು ಅದೇ ಮೊದಲು.

ಪುಟ್ಟಮಲ್ಲಮ್ಮ ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಮಡಿಲಲ್ಲಿ ಮಡಚಿದ ಆಕಾಶ ಬಣ್ಣದ ಕುರ್ತಾ. "ಎತ್ತಿ ಅಕ್ಕ," ಎಂದಳು, ಸಭೆಗೆಲ್ಲ ಕೇಳುವ ಹಾಗೆ. "ಈ ಮಗಿಗೆ ಜ್ವರ ಇಲ್ಲ. ಹೇಳ್ಲಿ ಬುಡಿ."

ಭಾನು ಕೈ ಎತ್ತಿದಳು.

ಭವ್ಯ ಕಣ್ಣು ಮುಚ್ಚಿ ತೆರೆದಳು, ಮತ್ತೆ ಶುರುಮಾಡಿದಳು. ಈ ಸಲ ಕೋಳಿ ಕುಕ್ಕಿದ ಹಾಗೆ, ಓಡೋಡಿ, ಉಸಿರೇ ಎಳೆಯದೆ, ಮೊದಲಿನ ಭವ್ಯ. 'ಇನ್ನೂ' ಎಂಬುದು ಆ ಓಟದಲ್ಲಿ ಸಿಕ್ಕಿ ಸರ್ರೆಂದು ದಾಟಿಹೋಯಿತು. ಚಪ್ಪಾಳೆ ಬಿತ್ತು. ಅಷ್ಟು ಅವಸರದಲ್ಲಿ ಹದಿನೈದನೇ ವಚನದ ಬಾಲ ತುಂಡಾಗಿ ಕಪ್ಪು ಗುಂಡ್ಲುಪೇಟೆಗೇ ಉಳಿಯಿತು, ಆ ಮಾತು ಬೇರೆ. "ಬಿರಿಯಾನಿ ಆದ್ರೂ ಐತ?" ಎಂದು ಸುನೀಲ್ ಕೇಳಿದ. ಐತೆ, ಎಂದಳು ಭಾನು.

ಅವಳು ಗಮನಿಸಿದ್ದು ಇನ್ನೊಂದನ್ನು. ಆ ಸಣ್ಣ ಉಸಿರು ಭವ್ಯಳ ಬಾಯಿಂದ ಹೊರಟುಹೋಗಿತ್ತು. ಬಸ್ಸಿನಲ್ಲಿ ಹುಡುಗಿ ಹಾಡಿದಳು, ಜಗಳವಾಡಿದಳು, ಎಲ್ಲೂ ಅದು ಇಲ್ಲ. ಬೇಕಾದದ್ದು ಅದೇ. ಆದರೂ ಕಿಟಕಿಗೆ ತಲೆಯಾನಿಸಿದ ಭಾನುವಿಗೆ ಏನನ್ನೋ ಆ ಸಭಾಂಗಣದಲ್ಲಿ ಬಿಟ್ಟು ಬಂದಂತೆ ಎದೆ ಬರಿದಾಗಿತ್ತು.

ಮಾರನೆಯ ವಾರ ಶಾಲೆ ಶುರುವಾಯಿತು. ಕ್ವಿಜ್ ಮುಗಿದಿತ್ತು, ಭವ್ಯಳ ಅಪ್ಪ ಫೋನಿನ ಸಮೇತ ಊರಿಗೆ ಬಂದಿದ್ದ. ಬೆಳಿಗ್ಗೆ ಆರೂಕಾಲಿಗೆ ಹಲಗೆಯ ಮೇಲಿದ್ದ ಫೋನು ಟಿಣ್ ಎಂದಿತು. ಕೀರ್ತನ.

ಭಾನು ಕಾಲು ನಿಲ್ಲಿಸಿದಳು. ಒತ್ತಿದಳು.

ಬಳೆಯ ಸದ್ದು. ಒಲೆಯಲ್ಲಿ ಕಡ್ಡಿ ಸಿಡಿದ ಸದ್ದು. ಆಮೇಲೆ ಪುಟ್ಟಮಲ್ಲಮ್ಮ, ಅಕ್ಷರ ಬಾರದ ನಾಲಿಗೆಯಲ್ಲಿ, ಮಗುವಿಲ್ಲದೆ ಅತ್ತ ಹನ್ನಳ ಮೊದಲನೇ ಅಧ್ಯಾಯವನ್ನು ಹೇಳಲು ತೊಡಗಿದಳು. ಹಕಾರ ಅರ್ಧಕ್ಕರ್ಧ ಇಲ್ಲ, ಊರುಗಳ ಹೆಸರೆಲ್ಲ ಚೂರು ಚೂರು. ಹೇಳುತ್ತ ಹೋದ ಹಾಗೆ ಧ್ವನಿ ನೆಲೆಗೆ ಬಂತು. ಮತ್ತು ಅಲ್ಲಿ, ಸಾಲಿನ ಕೊನೆಯ ಪದಕ್ಕೆ ಒಂದು ಪದ ಮುಂಚೆ, ಆ ಸಣ್ಣ ಉಸಿರು.

ಅದು ಕೀರ್ತನಳಿಗೆ ಎಲ್ಲಿಂದ ಬಂದಿತ್ತೆಂದು ಭಾನುವಿಗೆ ಆಗ ತಿಳಿಯಿತು.

ತಪ್ಪುಗಳು ಹನ್ನೊಂದೋ ಹನ್ನೆರಡೋ ಇದ್ದವು. ಅವಳು ಲೆಕ್ಕ ಹಿಡಿಯಲಿಲ್ಲ, ಏನನ್ನೂ ಬರೆಯಲಿಲ್ಲ. ಮಿಷನ್ನಿಗೆ ಒರಗಿ ಕೊನೆಯವರೆಗೂ ಕೇಳಿದಳು. ಅತ್ತ ಚಂದಕವಾಡಿಯಲ್ಲಿ, ಮೂಲೆ ಸೀಳಿದ ಫೋನಿನಲ್ಲಿ, ಗುರುತು ನೀಲಿಯಾಗುವುದನ್ನು ಒಬ್ಬಳು ಕಾಯುತ್ತಿದ್ದಳು.